ಅಪಾಯಕ್ಕೆ ಒಂದಕ್ಷರ, ಎಚ್ಚರಕ್ಕೆ ಒಂದು ಸಾಲು

ಸಹೋದ್ಯೋಗಿಯ ಎರಡು ದಿನದ ಕೆಲಸವನ್ನು ಸರ್ವರ್‌ನ ಬ್ರಾಂಚ್‌ನಿಂದ ಮಾಯ ಮಾಡೋಕೆ ಗಿಟ್‌ನಲ್ಲಿ ಏನು ಬೇಕು ಹೇಳಿ? ‘ಗಿಟ್ ಪುಶ್’ ಆದಮೇಲೆ ಒಂದು ಅಡ್ಡಗೀಟು, ಒಂದು ‘ಎಫ್’. ಮುಗೀತು. ಅದೇ ಪುಶ್ಶನ್ನು ಬೇರೆಯವರ ಕಮಿಟ್ ಅಳಿಯದ ಹಾಗೆ ಮಾಡಬೇಕಂದ್ರೆ ‘ಫೋರ್ಸ್-ವಿತ್-ಲೀಸ್’ ಅಂತ ಉದ್ದಕ್ಕೆ ಟೈಪಿಸಬೇಕು. ಅದಕ್ಕೆ ಒಂದಕ್ಷರದ ರೂಪವೇ ಇಲ್ಲ.

ಹೊಸ ಆಪ್ಷನ್ ಸೇರಿಸೋದು ಅಂದ್ರೆ ಬರೀ ಕೋಡ್ ಬರೆಯೋದಲ್ಲ. ಯಾವುದು ಸಲೀಸಾಗಿ ಕೈಗೆ ಸಿಗಬೇಕು, ಯಾವುದಕ್ಕೆ ಕೈ ಒಂದು ಕ್ಷಣ ತಡೀಬೇಕು ಅನ್ನೋ ತೀರ್ಮಾನ ಅದು. 2013ರಲ್ಲಿ ಗಿಟ್ 1.8.5ರ ಜೊತೆ ಈ ಲೀಸ್ ಬಂತಲ್ಲ, ಆಗ ಈ ತೀರ್ಮಾನ ತಲೆಕೆಳಗಾಯಿತು.

ಹೆಸರನ್ನೇ ನೋಡಿ. ಬೆಂಗಳೂರಲ್ಲಿ ಲೀಸ್ ಅಂದ್ರೆ ಲಕ್ಷಗಟ್ಟಲೆ ಕೊಟ್ಟು ಹಿಡಿಯೋ ಮನೆ. ಇಲ್ಲಿ ಅದರ ಅರ್ಥ: ‘ನಾನು ಕೊನೇ ಸಲ ನೋಡಿದಾಗ ಬ್ರಾಂಚ್ ಎಲ್ಲಿತ್ತೋ ಈಗಲೂ ಅಲ್ಲೇ ಇದ್ರೆ ಮಾತ್ರ ಬದಲಿಸು.’ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ಆ ಹೆಸರು ಓದಿ ಇದನ್ನು ಊಹಿಸಬೇಕಾ?

ಊಹಿಸಿದಳು ಅಂತಲೇ ಇಟ್ಕೊಳ್ಳಿ. ಅವಳ ಎಡಿಟರ್ ಹಿನ್ನೆಲೆಯಲ್ಲಿ ತಾನೇ ಫೆಚ್ ಮಾಡಿದ್ರೆ, ಅವಳು ಕಣ್ಣಲ್ಲೂ ಕಾಣದ ಕಮಿಟನ್ನು ‘ನೋಡಿದ್ದಾಳೆ’ ಅಂತ ಗಿಟ್ ನಂಬಿಬಿಡುತ್ತೆ. ಆ ತೂತಿಗೆ 2020ರ ಡಿಸೆಂಬರ್‌ನಲ್ಲಿ, 2.30ರಲ್ಲಿ, ಇನ್ನೊಂದು ತೇಪೆ ಬಂತು: ‘ಫೋರ್ಸ್-ಇಫ್-ಇನ್‌ಕ್ಲೂಡ್ಸ್’. ಅದನ್ನೊಂದನ್ನೇ ಕೊಟ್ರೆ ಅದು ಏನೂ ಮಾಡಲ್ಲ, ಲೀಸ್ ಜೊತೆಗೇ ಕೊಡಬೇಕು. ಹುಷಾರಾಗಿರೋನಿಗೆ ಎರಡು ಉದ್ದದ ಆಪ್ಷನ್, ಅವಸರದವನಿಗೆ ಒಂದೇ ಅಕ್ಷರ!

‘ಎಫ್‌ನ ಅರ್ಥ ಬದಲಿಸಿದ್ರೆ ಹಳೇ ಸ್ಕ್ರಿಪ್ಟ್‌ಗಳು ಕೆಡ್ತವೆ’ ಅಂತಾರೆ ಪಂಡಿತರು. ನಿಜ, ಕೆಲವು ಕೆಡಬಹುದು. ಆದ್ರೆ ಗಿಟ್ ಹಳೇ ಅಭ್ಯಾಸ ಬದಲಿಸಿದ್ದೇ ಇಲ್ವಾ? ಮೊದಲು ಬರೀ ‘ಗಿಟ್ ಪುಶ್’ ಅಂದ್ರೆ ಎರಡೂ ಕಡೆ ಒಂದೇ ಹೆಸರಿರೋ ಬ್ರಾಂಚ್‌ಗಳೆಲ್ಲ ಹೋಗ್ತಿದ್ದವು. 2014ರಲ್ಲಿ 2.0 ಬಂದಾಗ, ನೀವಿರೋ ಬ್ರಾಂಚ್ ಮಾತ್ರ ಹೋಗೋ ಹಾಗೆ ಮಾಡಿದರು. ಮೊದಲು ಎಚ್ಚರಿಕೆ ತೋರಿಸಿದರು, ಟೈಮ್ ಕೊಟ್ಟರು, ಆಮೇಲೆ ಬದಲಿಸಿದರು. ಜಗತ್ತೇನೂ ಮುಳುಗಲಿಲ್ಲ.

ಇನ್ನೊಂದು ವಾದ: ‘ಮ್ಯಾನ್ ಪೇಜ್ ಓದಲಿ.’ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ. ತಪ್ಪು ಡಿಸೈನ್‌ನದು, ಸ್ಟ್ಯಾಂಡ್‌ಅಪ್‌ನಲ್ಲಿ ತಲೆ ತಗ್ಗಿಸಿ ನಿಲ್ಲೋದು ಜೂನಿಯರ್!

ಪರಿಹಾರ ಕಷ್ಟದ್ದಲ್ಲ. ಆ ಒಂದಕ್ಷರದ ‘ಎಫ್’ ಈ ಎರಡೂ ತಪಾಸಣೆ ಮಾಡಿಯೇ ಮುಂದೆ ಹೋಗಲಿ. ಮುಲಾಜಿಲ್ಲದೆ ಅಳಿಸಲೇಬೇಕು ಅನ್ನೋರಿಗೆ ಬೇರೆ ಆಪ್ಷನ್ ಇರಲಿ: ‘ಓವರ್‌ರೈಟ್-ಅದರ್ಸ್-ವರ್ಕ್’ ಅಂತ, ಟೈಪಿಸುವಾಗಲೇ ಎದೆ ಝಲ್ ಅನ್ನೋ ಹೆಸರು. ಅಲ್ಲೀವರೆಗೆ ಟೀಮ್ ಲೀಡ್‌ಗಳೇ, ಮುಖ್ಯ ಬ್ರಾಂಚ್‌ಗೆ ಫೋರ್ಸ್ ಪುಶ್ ಆಗದ ಹಾಗೆ ಸರ್ವರ್‌ನಲ್ಲೇ ಬೀಗ ಹಾಕಿ. ಜೂನಿಯರ್‌ಗೆ ಬೈಯೋದು ಆಮೇಲೆ ಇಟ್ಕೊಳ್ಳಿ.