ಒಬ್ರೇನಾ ಮೇಡಂ?

ಹೊಸ ಊರಿಗೆ ಹೋದರೆ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಗಂಡಸರನ್ನು ಕೇಳಿ ನೋಡಿ. ಉತ್ತರ ಬಾಯಲ್ಲೇ ಇರುತ್ತದೆ. ‘ಜನ ಎಲ್ಲಿ ಮುಗಿಬಿದ್ದಿರ್ತಾರೋ ಅಲ್ಲಿ ನುಗ್ಗು’, ‘ಲಾರಿ ಡ್ರೈವರುಗಳು ಎಲ್ಲಿ ನಿಲ್ಲಿಸ್ತಾರೋ ಅಲ್ಲಿ ಉಣ್ಣು’, ‘ಆಟೋದವನನ್ನ ಕೇಳು’. ಮೂರೂ ಒಳ್ಳೆಯ ಸಲಹೆಗಳೇ, ಗಂಡಸಿಗೆ. ರಾತ್ರಿ ಎಂಟೂವರೆಗೆ ಗುರುತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಇಳಿದ ಹೆಂಗಸು ಲಾರಿ ನಿಲ್ಲುವ ಜಾಗ ಹುಡುಕಿಕೊಂಡು ಹೋಗುತ್ತಾಳೆಯೆ? ಅವಳು ಎರಡು ಬಾಳೆಹಣ್ಣು, ಒಂದು ಬಿಸ್ಕತ್ತಿನ ಪೊಟ್ಟಣ ಕೊಂಡು ಲಾಡ್ಜಿನ ರೂಮು ಸೇರಿ ಚಿಲಕ ಹಾಕಿಕೊಳ್ಳುತ್ತಾಳೆ. ಮನೆಯಿಂದ ಫೋನು ಬಂದರೆ ‘ಊಟ ಆಯ್ತು’ ಎನ್ನುತ್ತಾಳೆ.

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ಉತ್ತರಪತ್ರಿಕೆ ತಿದ್ದಲು ಪರಊರಿಗೆ ಹೋಗಿ ವಾರಗಟ್ಟಲೆ ಇರುವುದು ನಮಗೆ ಹೊಸದಲ್ಲ. ಜೊತೆಗೆ ಬರುವ ಗಂಡಸು ಉಪನ್ಯಾಸಕರು ಮೊದಲ ದಿನದ ಸಂಜೆಯೇ ಊರೆಲ್ಲ ಸುತ್ತಿ ದೋಸೆ ಎಲ್ಲಿ, ಕಾಫಿ ಎಲ್ಲಿ ಎಂದು ಪತ್ತೆ ಮಾಡಿ ಬಂದಿರುತ್ತಾರೆ. ನಾವು ಹೆಂಗಸರು ಬ್ಯಾಗು ಬಿಚ್ಚುತ್ತೇವೆ. ಚಪಾತಿ, ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ನಿಪ್ಪಟ್ಟು, ಕೋಡುಬಳೆ. ಮೂರನೆಯ ದಿನಕ್ಕೆ ಚಪಾತಿ ಚಪ್ಪಲಿಯ ಅಟ್ಟೆಯಂತಾಗಿರುತ್ತದೆ. ಅದನ್ನೇ ಹರಿದು ತಿನ್ನುತ್ತೇವೆ. ನೋಡಿದವರು ‘ಹೆಂಗಸರು ಜಾಣೆಯರಪ್ಪ, ದುಡ್ಡೂ ಉಳೀತು, ಆರೋಗ್ಯಾನೂ ಉಳೀತು’ ಎಂದು ಮೆಚ್ಚುತ್ತಾರೆ. ಈ ಮೆಚ್ಚುಗೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊರಗೆ ಕೂತು ಉಣ್ಣಲು ಜಾಗವಿಲ್ಲದ್ದಕ್ಕೆ ಗಂಟು ಕಟ್ಟಿಕೊಂಡು ಹೋದವಳಿಗೆ ಮಿತವ್ಯಯದ ಬಿರುದು ಯಾಕೆ?

ಧಾರವಾಡದಲ್ಲಿ ಹತ್ತು ದಿನ ಇದ್ದು ಖಾನಾವಳಿಯ ಮೆಟ್ಟಿಲು ಹತ್ತದೆ ಹಿಂತಿರುಗಿದ ಗೆಳತಿಯರು ನನಗೆ ಗೊತ್ತು. ಎಂಥ ನಷ್ಟ! ಹಂಚಿನಿಂದ ಆಗತಾನೆ ಇಳಿದ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಜುಣಕ, ಪುಂಡಿಪಲ್ಯ, ಶೇಂಗಾಚಟ್ನಿ, ಗುರೆಳ್ಳುಚಟ್ನಿ, ಮೇಲೆ ಗಟ್ಟಿ ಮೊಸರು, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ. ನಮ್ಮ ಕಡೆಯ ಅನ್ನದ ನಾಲಿಗೆಗೆ ಮೊದಲ ದಿನ ಒರಟೆನಿಸುತ್ತದೆ. ಎರಡನೆಯ ದಿನ ಅದೇ ಬೇಕೆನಿಸುತ್ತದೆ. ಸಂಜೆಗೆ ಗಿರಮಿಟ್ಟು, ಮಿರ್ಚಿ. ಬಹಳ ಖಾನಾವಳಿಗಳಲ್ಲಿ ಒಳಗೆ ರೊಟ್ಟಿ ಬಡಿಯುವ ಕೈ ಹೆಂಗಸಿನದು, ಹೊರಗೆ ಕೂತು ಮುರಿಯುವ ಕೈ ಗಂಡಸಿನದು. ನಾನು ಧೈರ್ಯ ಮಾಡಿ ಹೋಗಿ ಬಾಗಿಲಲ್ಲಿ ನಿಂತಾಗ, ಉಣ್ಣುತ್ತಿದ್ದ ಹದಿನೈದು ತಲೆಗಳು ಒಟ್ಟಿಗೆ ಎದ್ದವು. ಒಲೆಯ ಮುಂದಿನಿಂದ ಒಬ್ಬಾಕೆ, ‘ಬರ್ರಿ ಅಕ್ಕಾರ, ಕೂಡ್ರಿ, ರೊಟ್ಟಿ ಬಿಸಿ ಅದಾವ’ ಎಂದು ಕೂಗಿದಳು. ತಲೆಗಳು ತಟ್ಟೆಗೆ ಇಳಿದವು. ಊಟ ಮುಗಿಯುವ ತನಕ ಯಾರೂ ನನ್ನತ್ತ ನೋಡಲಿಲ್ಲ. ಒಂದು ಕೂಗಿನಲ್ಲಿ ಆಗುವ ಕೆಲಸವಿದು.

ಈ ಕೂಗಿಗೆ ಬದಲು ದೊಡ್ಡ ಹೋಟೆಲುಗಳು ಕಂಡುಹಿಡಿದಿರುವುದು ಫ್ಯಾಮಿಲಿ ರೂಮು. ಬಾಗಿಲಲ್ಲೇ ಪ್ರಶ್ನೆ: ‘ಒಬ್ರೇನಾ ಮೇಡಂ?’ ಹೌದು ಎಂದ ಕೂಡಲೆ ಕೈ ಒಳಗಿನ ಕತ್ತಲ ಕಡೆ ತೋರಿಸುತ್ತದೆ. ಒಬ್ಬಳೇ ಬಂದವಳು ಯಾವ ಲೆಕ್ಕದಲ್ಲಿ ಫ್ಯಾಮಿಲಿಯೋ ದೇವರಿಗೇ ಗೊತ್ತು. ಕಿಟಕಿ ಇಲ್ಲದ ಕೋಣೆ, ಎಣ್ಣೆ ಜಿಡ್ಡಿನ ಪರದೆ, ಕಿರುಗುಟ್ಟುವ ಫ್ಯಾನು. ಎ.ಸಿ. ಇದ್ದರೆ ಅದೇ ದೋಸೆಗೆ ಹೆಚ್ಚು ದುಡ್ಡು. ಮಾಣಿ ಒಂದು ಸಲ ಬಂದು ಹೋದರೆ ಮತ್ತೆ ಕಾಣಿಸುವುದು ಬಿಲ್ಲಿನ ಜೊತೆಗೇ. ಒಂದು ಊರಿನಲ್ಲಿ ನಾನು ಸಾಂಬಾರು ಬೇಕೆಂದು ಪರದೆ ಸರಿಸಿ ಮೂರು ಸಲ ಕರೆದೆ. ಕೊನೆಗೆ ಬಟ್ಟಲು ಹಿಡಿದು ನಾನೇ ಹಾಲಿಗೆ ಹೋದೆ. ಅಲ್ಲಿ ಗಾಳಿಯಿತ್ತು, ಬೆಳಕಿತ್ತು, ಬೀದಿ ಕಾಣುತ್ತಿತ್ತು, ಸಾಂಬಾರಿನ ಬಕೆಟ್ಟು ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು.

‘ನಿಮ್ಮ ಅನುಕೂಲಕ್ಕೇ ಅಲ್ವಾ ಮೇಡಂ, ಹೊರಗೆ ಗಂಡಸರು ನೋಡ್ತಾರೆ’ ಎಂದು ಗಲ್ಲಾದ ಮೇಲಿದ್ದವರು ವಿವರಿಸಿದರು. ನೋಡುವವನು ಅವನಾದರೆ ಪರದೆಯ ಹಿಂದೆ ಕೂರಬೇಕಾದವನು ಅವನು ತಾನೆ? ಮಕ್ಕಳಿಗೆ ಹಾಲೂಡಿಸುವ ತಾಯಂದಿರಿಗೆ, ಮರೆ ಬೇಕೆನ್ನುವವರಿಗೆ ಅಂಥ ಕೋಣೆ ಇರಲಿ. ಒಬ್ಬಳೇ ಇದ್ದಾಳೆಂದ ಮಾತ್ರಕ್ಕೆ ಅಲ್ಲಿಗೆ ದೂಡುವುದು ಬೇಡ. ನಾಲ್ಕು ಜನರ ಮೇಜನ್ನು ಒಬ್ಬರಿಗೆ ಕೊಟ್ಟರೆ ನಷ್ಟ ಎನ್ನುವುದು ಇನ್ನೊಂದು ವಾದ. ಒಂಟಿ ಗಂಡಸನ್ನು ಗುರುತಿಲ್ಲದವರ ಎದುರು ಕೂರಿಸುತ್ತೀರಲ್ಲ, ನನ್ನನ್ನೂ ಕೂರಿಸಿ. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನಕ್ಕೆ ಭಾನುವಾರ ಬೆಳಿಗ್ಗೆ ಹೋಗಿ ನೋಡಿ. ಗುರುತಿಲ್ಲದವರು ಎದುರುಬದುರು ಕೂತು ದೋಸೆ ಮುರಿಯುತ್ತಾರೆ, ಹೆಂಗಸರೂ ಇರುತ್ತಾರೆ. ಆಕಾಶವೇನೂ ಕಳಚಿ ಬಿದ್ದಿಲ್ಲ.

ನನ್ನ ಕೇಳಿದರೆ ಒಂಟಿ ಹೆಂಗಸಿಗೆ ದೊಡ್ಡ ಉಪಕಾರ ಮಾಡಿದ್ದು ದರ್ಶಿನಿಗಳು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಯಾರೂ ಸ್ತ್ರೀ ಸ್ವಾತಂತ್ರ್ಯದ ಮಾತಾಡಲಿಲ್ಲ. ಬೇಗ ತಿಂದು ಬೇಗ ಹೋಗಲಿ ಎನ್ನುವ ವ್ಯಾಪಾರದ ಲೆಕ್ಕ ಅದು. ದುಡ್ಡು ಕೊಟ್ಟು ಚೀಟಿ ಪಡೆ, ಇಡ್ಲಿ ತೆಗೆದುಕೋ, ನಿಂತು ತಿನ್ನು. ‘ಒಬ್ರೇನಾ’ ಎಂದು ಕೇಳುವವರಿಲ್ಲ. ಅಡಿಗೆಮನೆ ಕಣ್ಣೆದುರಿಗೇ. ಬೀದಿಗೆ ತೆರೆದ ಜಾಗ, ಹೊರಟುಬಿಡುವುದು ಸುಲಭ. ಆದರೆ ಬಸುರಿ ಹೆಂಗಸು, ಮಂಡಿನೋವಿನ ಮುದುಕಿ ಎಷ್ಟು ಹೊತ್ತು ನಿಲ್ಲಬೇಕು? 2017ರಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಾಗ ಬಡವರ ಹೊಟ್ಟೆಗೆ ನಿಜವಾಗಿ ಅನ್ನ ಬಿತ್ತು. ಅಲ್ಲೂ ನಿಂತೇ ಉಣ್ಣಬೇಕು. ಅರ್ಧ ಗಂಟೆ ಕಾಲು ಚಾಚಿ, ಯಾರೂ ಬಡಿಸಿದ್ದನ್ನು ಕೂತು ಉಣ್ಣುವ ಸುಖ ದಿನವೂ ಬಡಿಸುವವಳಿಗೇ ಹೆಚ್ಚು ಬೇಕು.

ಹಾಗಾದರೆ ಊರಲ್ಲಿ ಜಾಗ ಹುಡುಕುವುದು ಹೇಗೆ? ನಾನು ಲಾಡ್ಜಿನ ಮ್ಯಾನೇಜರನ್ನು ಕೇಳುವುದಿಲ್ಲ, ಆತ ತನ್ನ ಕೆಳಮಹಡಿಯ ಹೋಟೆಲನ್ನೇ ಹೊಗಳುತ್ತಾನೆ. ಹೂ ಮಾರುವವಳನ್ನು, ಬಟ್ಟೆ ಹೊಲಿಯುವವಳನ್ನು, ಆಸ್ಪತ್ರೆಯ ನರ್ಸನ್ನು ಕೇಳುತ್ತೇನೆ. ‘ಒಳ್ಳೆಯ ಹೋಟೆಲು ಯಾವುದು’ ಎಂದರೆ ಎಲ್ಲರೂ ದುಬಾರಿ ಹೋಟೆಲಿನ ಹೆಸರು ಹೇಳುತ್ತಾರೆ. ‘ನೀವು ಎಲ್ಲಿ ತಿಂತೀರಿ?’ ಎಂದು ಕೇಳಬೇಕು. ಮಧ್ಯಾಹ್ನ ಹನ್ನೆರಡೂವರೆಗೇ ಹೋಗಿಬಿಟ್ಟರೆ ನೂಕುನುಗ್ಗಲಿಲ್ಲ, ಪಲ್ಯವೂ ಬಿಸಿ. ಮೂಲೆಗೆ ಹೋಗದೆ ಗಲ್ಲಾಕ್ಕೆ ಕಾಣುವ ಮೇಜಿನಲ್ಲಿ ಕೂರುತ್ತೇನೆ. ಮೆನು ಪಟ್ಟಿ ಮುಚ್ಚಿಟ್ಟು ‘ಇವತ್ತು ಏನು ಮಾಡಿದ್ದೀರಿ’ ಎನ್ನುತ್ತೇನೆ. ಈಗ ಎಲ್ಲರೂ ಮೊಬೈಲು ತೆಗೆದು ನಕ್ಷತ್ರ ಎಣಿಸುತ್ತಾರೆ. ನಾನೂ ನೋಡುತ್ತೇನೆ. ಒಂಟಿ ಹೆಂಗಸನ್ನು ಎಲ್ಲಿ ಕೂರಿಸುತ್ತಾರೆ ಎನ್ನುವುದು ಆ ಐದು ನಕ್ಷತ್ರದಲ್ಲಿ ಸೇರಿಲ್ಲ.

ಇನ್ನೊಂದು ವಿಷಯ, ಊಟದ ಬರಹದಲ್ಲಿ ಯಾರೂ ಎತ್ತದ್ದು. ಪ್ರಯಾಣದ ದಿನ ನಾವು ನೀರು ಕುಡಿಯುವುದಿಲ್ಲ. ಯಾಕೆಂದು ನಿಮಗೆ ಹೇಳಬೇಕಾಗಿಲ್ಲ. ಮಜ್ಜಿಗೆ ಬಂದರೆ ಸರಿಸಿಬಿಡುತ್ತೇವೆ, ಎರಡನೆಯ ಲೋಟ ಕಾಫಿ ಬೇಡ ಎನ್ನುತ್ತೇವೆ. ಬಾಯಾರಿಕೆ ನುಂಗಿಕೊಂಡು ಉಂಡದ್ದು ಎಂಥ ಊಟ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡಿಲ್ಲದೆ ಊರೂರು ನೋಡುತ್ತಿದ್ದಾರೆ. ಹೋಟೆಲಿನವರೇ, ಈ ಗಿರಾಕಿಗಳು ನಿಮ್ಮ ಬಾಗಿಲ ಮುಂದೆಯೇ ಇಳಿಯುತ್ತಾರೆ. ಕೈಯಲ್ಲಿ ಉಳಿದ ಬಸ್ ಚಾರ್ಜೂ ಇರುತ್ತದೆ. ಗೋಡೆಗೆ ಗ್ರಾನೈಟು ಹಾಕಿಸಿದಿರಿ, ಪ್ಲಾಸ್ಟಿಕ್ ಬಳ್ಳಿ ಇಳಿಬಿಟ್ಟಿರಿ, ಬಣ್ಣದ ದೀಪ ಹಾಕಿದಿರಿ. ಹಿಂದಿನ ಓಣಿಯ ಕಕ್ಕಸಿನ ಬಾಗಿಲಿಗೆ ಒಂದು ಚಿಲಕ, ಒಳಗೊಂದು ಬಲ್ಬು, ನಲ್ಲಿಯಲ್ಲಿ ನೀರು. ಅದಾದ ಮೇಲೆ ಮಜ್ಜಿಗೆ ತನ್ನಿ, ಎರಡು ಲೋಟ.