ಓಡಿಸಿದವರ ಮಾತು, ಓಡುವ ದಾರಿ

ವಿದ್ಯುತ್ ಕಾರು ಕೊಂಡವರು ಇಬ್ಬರು ಒಂದೆಡೆ ಸೇರಿದರೆ ಮಾತು ಬಹುಬೇಗ ಹೋಲಿಕೆಗೆ ತಿರುಗುತ್ತದೆ. ಒಮ್ಮೆ ಚಾರ್ಜು ತುಂಬಿದರೆ ಯಾರ ಕಾರು ಎಷ್ಟು ದೂರ ಓಡಿತು, ದಾರಿಯಲ್ಲಿ ಎಲ್ಲಿ ಚಾರ್ಜು ಸಿಕ್ಕಿತು, ಎಲ್ಲಿ ಕೈಕೊಟ್ಟಿತು, ಪೆಟ್ರೋಲಿನ ಲೆಕ್ಕದಲ್ಲಿ ಎಷ್ಟು ಉಳಿಯಿತು ಎಂಬ ವಿವರಗಳು ಒಂದರ ಹಿಂದೆ ಒಂದು ಬರುತ್ತವೆ. ಕಂಪನಿಯ ಜಾಹೀರಾತಿಗಿಂತ ಈ ಮಾತಿಗೆ ಕೊಳ್ಳುವವರು ಹೆಚ್ಚು ಬೆಲೆ ಕೊಡುತ್ತಾರೆ. ಅದು ಸಹಜವೂ ಹೌದು, ಸರಿಯೂ ಹೌದು. ಆದರೆ ಆ ಮಾತು ಯಾವ ಊರಿನದು, ಯಾವ ದಾರಿಯದು, ಯಾವ ಋತುವಿನದು ಎಂದು ಕೇಳದೆ ಒಪ್ಪಿಕೊಂಡರೆ ಆಲೂರು, ಆದೋನಿಗಳ ಕಡೆಯ ಕುಟುಂಬವೊಂದು ಸಾಲಮಾಡಿ ತಂದ ಕಾರು ಆ ಕುಟುಂಬಕ್ಕೇ ಹೊರೆಯಾಗಬಹುದು. ಈ ಸೀಮೆಯ ಅನುಭವ ಈ ಸೀಮೆಯ ಭಾಷೆಯಲ್ಲಿಯೇ ದಾಖಲಾಗಬೇಕಾದ ಅಗತ್ಯ ಹುಟ್ಟುವುದು ಇಲ್ಲಿಯೇ.

ಕನ್ನಡನಾಡಿಗೆ ಈ ಚರ್ಚೆ ಹೊಸತಲ್ಲ. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹವು ಅಮೆರಿಕದ ಸಂಸ್ಥೆಯೊಂದರ ಜೊತೆಗೂಡಿ ರೇವಾ ಕಂಪನಿಯನ್ನು ಸ್ಥಾಪಿಸಿತು. ಚೇತನ್ ಮೈನಿಯವರ ಮುಂದಾಳತ್ವದಲ್ಲಿ ರೂಪುಗೊಂಡ ಎರಡು ಬಾಗಿಲಿನ ಪುಟ್ಟ ಕಾರು 2001ರಲ್ಲಿ ಬೆಂಗಳೂರಿನ ಬೀದಿಗಿಳಿಯಿತು. ಸೀಸ ಮತ್ತು ಆಮ್ಲದ ಬ್ಯಾಟರಿಗಳಿಂದ ಓಡುತ್ತಿದ್ದ ಆ ಕಾರು ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್ ಓಡುತ್ತದೆ ಎಂದು ಕಂಪನಿ ಹೇಳಿತ್ತು. ಅದೇ ಕಾರು ಬ್ರಿಟನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಮಾರಾಟವಾಯಿತು. ಲಂಡನ್ ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲೆ 2003ರಲ್ಲಿ ವಿಧಿಸಿದ ದಟ್ಟಣೆ ಶುಲ್ಕದಿಂದ ಅದಕ್ಕೆ ವಿನಾಯಿತಿ ಇದ್ದುದರಿಂದ ಅಲ್ಲಿ ಅದನ್ನು ಮೆಚ್ಚಿ ಕೊಂಡವರಿದ್ದರು. ಅಪಘಾತದಲ್ಲಿ ಅದು ಕೊಡುವ ರಕ್ಷಣೆ ಸಾಲದೆಂದು ಟೀಕಿಸಿದವರೂ ಇದ್ದರು. 2010ರಲ್ಲಿ ಮಹೀಂದ್ರ ಸಂಸ್ಥೆ ರೇವಾ ಕಂಪನಿಯ ಬಹುಪಾಲು ಒಡೆತನವನ್ನು ಪಡೆಯಿತು. 2017ರಲ್ಲಿ ಕರ್ನಾಟಕವು ವಿದ್ಯುತ್ ವಾಹನಗಳಿಗಾಗಿಯೇ ನೀತಿಯೊಂದನ್ನು ದೇಶದಲ್ಲಿ ಎಲ್ಲರಿಗಿಂತ ಮೊದಲು ರೂಪಿಸಿತು.

ಈ ಚರಿತ್ರೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಾರು ಒಂದೇ, ಆದರೆ ಅದರ ಗುಣದೋಷಗಳ ತೀರ್ಪು ಊರಿನಿಂದ ಊರಿಗೆ ಬೇರೆಯಾಯಿತು. ಕಚೇರಿಗೆ ಹತ್ತು ಹನ್ನೆರಡು ಕಿಲೋಮೀಟರ್ ಹೋಗಿಬಂದು ರಾತ್ರಿ ಮನೆಯಲ್ಲಿಯೇ ಚಾರ್ಜು ಹಾಕಿಕೊಳ್ಳುವವನಿಗೆ 80 ಕಿಲೋಮೀಟರ್ ಧಾರಾಳವೆನಿಸಿತು. ಊರಿಂದೂರಿಗೆ ಹೋಗಬೇಕಾದವನಿಗೆ ಅದು ಯಾವುದಕ್ಕೂ ಸಾಲದಾಯಿತು. ಇಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರ ಬದುಕಿನ ದಾರಿಗಳು ಬೇರೆಯಾಗಿದ್ದವು, ಅಷ್ಟೆ.

ಇಂದಿನ ಕಾರುಗಳು ರೇವಾದಿಂದ ಬಹುದೂರ ಬಂದಿವೆಯೆಂಬುದು ನಿಜ. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನಲ್ಲಿ 30.2 ಯೂನಿಟ್ ವಿದ್ಯುತ್ತನ್ನು ಹಿಡಿಯುವ ಲಿಥಿಯಂ ಬ್ಯಾಟರಿ ಇತ್ತು. ಅದರ ಪ್ರಮಾಣಿತ ಓಟ 312 ಕಿಲೋಮೀಟರ್. ಆದರೆ ಇಂಥ ಪ್ರಮಾಣಿತ ಅಂಕಿ ಹುಟ್ಟುವುದು ಪರೀಕ್ಷಾಗಾರದಲ್ಲಿ ಎಂಬುದನ್ನು ಮರೆಯಬಾರದು. ಅಲ್ಲಿ ಚಕ್ರಗಳು ಉರುಳೆಗಳ ಮೇಲೆ ತಿರುಗುತ್ತವೆ. ವೇಗ ಗಂಟೆಗೆ 90 ಕಿಲೋಮೀಟರನ್ನು ಮೀರುವುದಿಲ್ಲ. ಹೆಚ್ಚಿನ ಹೊತ್ತು ಅದಕ್ಕಿಂತ ಬಹಳ ಕಡಿಮೆಯೇ ಇರುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಏಸಿ ಹಾಕಿಕೊಂಡು, ನಾಲ್ವರನ್ನೂ ಅವರ ಸಾಮಾನುಗಳನ್ನೂ ಹೊತ್ತು ಹೆದ್ದಾರಿಯಲ್ಲಿ ಓಡುವ ಸ್ಥಿತಿ ಅದಲ್ಲ. ಒಂದೇ ಪದ್ಧತಿಯಲ್ಲಿ ಅಳೆದ ಎರಡು ಕಾರುಗಳನ್ನು ಹೋಲಿಸಲು ಆ ಅಂಕಿ ಉಪಯುಕ್ತ. ಬಳ್ಳಾರಿಗೆ ಹೋಗಿಬರಬಹುದೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಆ ಪ್ರಶ್ನೆಗೆ ಓಡಿಸಿದವರೇ ಉತ್ತರ ಹೇಳಬೇಕು. ಆದರೆ ಆ ಉತ್ತರಗಳು ಬಹುಮಟ್ಟಿಗೆ ಬೆಂಗಳೂರಿನಂಥ ನಗರಗಳಿಂದ ಬರುತ್ತವೆ. ನಗರದ ದಟ್ಟಣೆಯಲ್ಲಿ ಪೆಟ್ರೋಲ್ ಕಾರಿನ ಮೈಲೇಜು ಕುಸಿಯುತ್ತದೆ. ವಿದ್ಯುತ್ ಕಾರಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ವೇಗ ತಗ್ಗಿಸಿದಾಗ ಅದರ ಮೋಟರು ಜನಕದಂತೆ ಕೆಲಸಮಾಡಿ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ನಿಂತಾಗ ಮೋಟರು ಏನನ್ನೂ ಸುಡುವುದಿಲ್ಲ. ಹೆದ್ದಾರಿಯಲ್ಲಿ ಮಾತ್ರ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ಆ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಆದುದರಿಂದ ನಗರದೊಳಗೇ ಸುತ್ತುವವನು ತನ್ನ ಕಾರಿನ ಅತ್ಯುತ್ತಮ ಮುಖವನ್ನು ಕಾಣುತ್ತಾನೆ. ಆಲೂರಿನವನು ಕಾಣುವುದು ಮತ್ತೊಂದು ಮುಖ.

ಆಲೂರಿನ ದಾರಿಗಳು ಹೆದ್ದಾರಿಯ ದಾರಿಗಳು. ಹಗರಿಯಿಂದ ಹೊರಡುವ 167ನೆಯ ರಾಷ್ಟ್ರೀಯ ಹೆದ್ದಾರಿ ಆಲೂರು, ಆದೋನಿ, ಎಮ್ಮಿಗನೂರು, ಮಂತ್ರಾಲಯಗಳನ್ನು ಹಾದು ರಾಯಚೂರಿನ ಕಡೆಗೆ ಹೋಗುತ್ತದೆ. ಆಸ್ಪತ್ರೆಗೆಂದು ಬಳ್ಳಾರಿ, ಹತ್ತಿಯ ವ್ಯಾಪಾರಕ್ಕೆಂದು ಆದೋನಿ, ದರ್ಶನಕ್ಕೆಂದು ಮಂತ್ರಾಲಯ ಅಥವಾ ಚಿಪ್ಪಗಿರಿಯ ವಿಜಯದಾಸರ ಸನ್ನಿಧಿ: ಇಲ್ಲಿಯ ಪ್ರಯಾಣಗಳು ಇಂಥವು. ಇವು ಇಂದಿನ ಕಾರುಗಳ ಅಳವಿಗೆ ಮೀರಿದ ದೂರಗಳಲ್ಲ. ಮುನ್ನೂರು ಕಿಲೋಮೀಟರಿಗೂ ಮಿಕ್ಕ ಬೆಂಗಳೂರಿನ ಪ್ರಯಾಣದ ಲೆಕ್ಕ ಮಾತ್ರ ಬೇರೆ. ಆದೋನಿ ಸೀಮೆ ಬೆಂಗಳೂರಿಗಿಂತ ನಾನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಒಂದೂವರೆ ಟನ್ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸುವುದಕ್ಕೇ ಒಂದೂವರೆ ಯೂನಿಟಿಗೂ ಮೀರಿದ ವಿದ್ಯುತ್ತು ಬೇಕು. ಅಷ್ಟರಲ್ಲಿ ಸಮತಲದ ದಾರಿಯಲ್ಲಿ ಕಾರು ಸುಮಾರು ಹತ್ತು ಕಿಲೋಮೀಟರ್ ಓಡಬಲ್ಲುದು. ಬೆಂಗಳೂರಿನಿಂದ ಇಳಿದು ಬಂದವನು ಹೇಳಿದ ಅಂಕಿ ಏರಿ ಹೋಗುವವನಿಗೆ ಹಾಗೆಯೇ ಅನ್ವಯಿಸದಿರುವುದಕ್ಕೆ ಇದೂ ಒಂದು ಕಾರಣ.

ಬಿಸಿಲಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ಕರ್ನೂಲಿನ ಸೌರ ವಿದ್ಯುತ್ ಪಾರ್ಕ್ 2017ರಲ್ಲಿ 1000 ಮೆಗಾವಾಟ್ ಸಾಮರ್ಥ್ಯದೊಡನೆ ಸಿದ್ಧವಾದುದು ಈ ಸೀಮೆಯ ಬಿಸಿಲಿನ ಬಲದಿಂದಲೇ. ಅದೇ ಬಿಸಿಲು ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ. ಬಿಸಿ ಹೆಚ್ಚಿದಂತೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಪೂರ್ತಿ ಚಾರ್ಜು ತುಂಬಿ ದಿನಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸಿದರಂತೂ ಅದು ಇನ್ನೂ ಬೇಗ ಸವೆಯುತ್ತದೆ. ನಲವತ್ತು ಡಿಗ್ರಿ ದಾಟುವ ಮೂರು ಬೇಸಿಗೆಗಳನ್ನು ಕಂಡ ಕಾರಿನ ಮಾತಿಗೂ ತಂಪು ನಗರದಲ್ಲಿ ಮೂರು ತಿಂಗಳು ಓಡಿದ ಕಾರಿನ ಮಾತಿಗೂ ಸಮನಾದ ತೂಕವಿಲ್ಲ. ಉತ್ಸಾಹಿಗಳ ಸಂಭಾಷಣೆಯಲ್ಲಿ ಎರಡನೆಯದರ ಧ್ವನಿ ಜೋರಾಗಿರುತ್ತದೆ; ಏಕೆಂದರೆ ಹೊಸತನ್ನು ಕೊಂಡವನಿಗೆ ಹೇಳಿಕೊಳ್ಳುವ ಆಸೆ ಹೆಚ್ಚು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಹಣ ಕೊಟ್ಟವರಿಗೂ ಸಲ್ಲುತ್ತದೆ.

ನೆಚ್ಚಿಕೆಯ ವಿಷಯದಲ್ಲಿಯೂ ಮಾತು ಬಿಡಿಬಿಡಿಯಾಗಬೇಕು. ‘ಕಾರು ಕೈಕೊಟ್ಟಿತು’ ಎಂಬ ಒಂದೇ ವಾಕ್ಯದಲ್ಲಿ ಹಲವು ಸಂಗತಿಗಳು ಅಡಗಿರುತ್ತವೆ. ಮೋಟರು ಕೆಟ್ಟಿತೆ? ದೊಡ್ಡ ಬ್ಯಾಟರಿಯ ಶಕ್ತಿ ಕುಗ್ಗಿತೆ? ದೀಪ, ಬಾಗಿಲು, ಗಣಕಗಳನ್ನು ನಡೆಸುವ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತಿತೆ? ದೊಡ್ಡದು ತುಂಬಿದ್ದರೂ ಈ ಸಣ್ಣದು ಸತ್ತರೆ ಕಾರು ಚಾಲೂ ಆಗುವುದಿಲ್ಲ. ಅಥವಾ ಕಾರು ಸರಿಯಾಗಿಯೇ ಇದ್ದು ದಾರಿಯ ಚಾರ್ಜರ್ ಕೆಟ್ಟಿತ್ತೆ? ವಿದ್ಯುತ್ ಕಾರಿನಲ್ಲಿ ಚಲಿಸುವ ಬಿಡಿಭಾಗಗಳು ಕಡಿಮೆ. ಎಂಜಿನ್ ಆಯಿಲ್, ಕ್ಲಚ್ಚುಗಳ ಗೊಡವೆಯಿಲ್ಲ. ಆದುದರಿಂದ ಅದು ಕೆಡುವ ಸಂದರ್ಭ ಕಡಿಮೆಯೆಂದು ಅಭಿಮಾನಿಗಳು ಹೇಳುವುದರಲ್ಲಿ ಹುರುಳಿದೆ. ಆದರೆ ಕೆಟ್ಟಾಗ ಊರಿನ ಮೆಕ್ಯಾನಿಕ್ ಅದನ್ನು ತೆರೆಯಲಾರ. ಅಂಬಾಸಿಡರ್ ಕಾರನ್ನೋ ಜೀಪನ್ನೋ ಹಾದಿಬದಿಯಲ್ಲಿಯೇ ರಿಪೇರಿಮಾಡಿ ಕಳಿಸುತ್ತಿದ್ದ ಕಾಲದಲ್ಲಿ ಕಾರು ಪದೇಪದೇ ಕೆಡುತ್ತಿದ್ದರೂ ಅದನ್ನು ನೆಚ್ಚಿಕೊಳ್ಳಬಹುದಾಗಿತ್ತು. ನಗರದವನಿಗೆ ನೆಚ್ಚಿಕೆಯೆಂದರೆ ಎಷ್ಟು ಸಲ ಕೆಡುತ್ತದೆ ಎಂಬುದು. ಆಲೂರಿನವನಿಗೆ ಕೆಟ್ಟ ಮೇಲೆ ಎಷ್ಟು ದಿನಕ್ಕೆ ಮರಳಿ ಓಡುತ್ತದೆ ಎಂಬುದು. ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ಬ್ಯಾಟರಿ ವಾರಂಟಿಯು ಹಣದ ನಷ್ಟವನ್ನು ಕಟ್ಟಿಕೊಡಬಹುದು. ಬಾಡಿಗೆಗೆ ಓಡಿಸುವವನು ಕಳೆದುಕೊಂಡ ದಿನಗಳನ್ನು ಕಟ್ಟಿಕೊಡಲಾರದು.

ಭಾರತೀಯ ತರ್ಕಶಾಸ್ತ್ರವನ್ನು ಓದಿದವರಿಗೆ ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳೆಂಬ ಪ್ರಮಾಣಗಳು ಗೊತ್ತು. ಆಪ್ತನೆನಿಸಿಕೊಳ್ಳುವವನು ವಿಷಯವನ್ನು ಬಲ್ಲವನಾಗಿರಬೇಕು, ಕಂಡುದನ್ನು ಕಂಡಂತೆ ಹೇಳುವವನಾಗಿರಬೇಕು. ಕಾರು ಓಡಿಸಿದವರ ಮಾತು ಆಪ್ತವಾಕ್ಯದ ಜಾತಿಗೆ ಸೇರಿದುದು. ಆ ಮಾತಿಗೆ ಇದೇ ಪರೀಕ್ಷೆ ಸಲ್ಲಬೇಕು. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಇದನ್ನು ಶಾಸ್ತ್ರ ಓದದೆಯೇ ಬಲ್ಲ. ಮಾರುವವನ ಹೊಗಳಿಕೆಯನ್ನು ಕೇಳುತ್ತಾನೆ, ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಆ ಎತ್ತು ಯಾವ ಮಣ್ಣಿನಲ್ಲಿ ದುಡಿದಿದೆಯೆಂದೂ ವಿಚಾರಿಸುತ್ತಾನೆ. ಎರೆಯಲ್ಲಿ ದುಡಿದ ಎತ್ತಿಗೂ ಮಸಾರಿಯಲ್ಲಿ ದುಡಿದ ಎತ್ತಿಗೂ ಇರುವ ಅಂತರ ಅವನಿಗೆ ಗೊತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ವಿವೇಕವನ್ನು ಕಾರಿನ ವಿಷಯದಲ್ಲಿ ಬಿಟ್ಟುಕೊಡಲು ಕಾರಣವಿಲ್ಲ.

ಇದರಲ್ಲಿ ಕನ್ನಡದ ವಿದ್ಯಾರ್ಥಿಗಳಿಗೇನು ಕೆಲಸ ಎಂಬ ಪ್ರಶ್ನೆ ಏಳಬಹುದು. ಯಂತ್ರದ ಮಾತು ಯಂತ್ರಶಾಸ್ತ್ರದವರಿಗೆ ಸೇರಿದ್ದು ಎನ್ನುವವರೂ ಇದ್ದಾರೆ. ಆದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ಕುರಿತ ಕೃತಿಯೇ ಆಗಿದ್ದೂ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಕಣ್ಣಾರೆ ಕಂಡುದನ್ನು ಖಚಿತವಾಗಿ ಹೇಳುವುದು ಸಾಹಿತ್ಯಕ್ಕೆ ಹೊರಗಿನ ಕೆಲಸವಲ್ಲ. ಗಡಿಸೀಮೆಯಲ್ಲಂತೂ ಇದಕ್ಕೆ ಮತ್ತೊಂದು ತುರ್ತು ಇದೆ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿಯ ಕನ್ನಡಿಗರ ಮನೆಮಾತು ಒಂದು, ಕಚೇರಿಯ ಮಾತು ಇನ್ನೊಂದು. ಹೊಸ ಕಾರಿನ ಕೈಪಿಡಿ, ವಾರಂಟಿಯ ಕರಾರು, ಚಾರ್ಜಿಂಗ್ ಆ್ಯಪ್‌ಗಳಲ್ಲಿ ಎದುರಾಗುವುದು ಬಹುಮಟ್ಟಿಗೆ ಇಂಗ್ಲಿಷ್, ಮೂರನೆಯದು. ಯಾವ ಸಂದರ್ಭದಲ್ಲಿ ವಾರಂಟಿ ಅನ್ವಯಿಸುವುದಿಲ್ಲವೆಂಬ ಸಣ್ಣ ಅಕ್ಷರದ ಸಾಲನ್ನು ಓದಲಾರದವನು ನಷ್ಟಕ್ಕೆ ಗುರಿಯಾಗುತ್ತಾನೆ. ಆ ಸಾಲನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಬೇಕು.

ಅದಕ್ಕಾಗಿ ಕೃತಕವಾದ ಪದಗಳನ್ನು ಟಂಕಿಸಬೇಕಾಗಿಲ್ಲ. ಬ್ಯಾಟರಿ, ಚಾರ್ಜು, ಯೂನಿಟ್ ಎಂಬ ಮಾತುಗಳು ಜನರ ಬಾಯಲ್ಲಿ ಕನ್ನಡವೇ ಆಗಿವೆ. ಬೇಕಾದುದು ಪದವಲ್ಲ, ವಿವರ. ಆಲೂರು, ಆದೋನಿ, ಹೊಳಗುಂದಿ, ಹಾಲಹರವಿಗಳ ಸುತ್ತ ವಿದ್ಯುತ್ ಕಾರು, ಆಟೋ, ಸ್ಕೂಟರುಗಳನ್ನು ಓಡಿಸುವವರನ್ನು ಕಂಡು ಕೇಳಬಹುದು. ಯಾವ ದಾರಿ, ಯಾವ ತಿಂಗಳು, ಎಷ್ಟು ಜನ, ಎಷ್ಟು ವೇಗ, ಹೊರಡುವಾಗ ಚಾರ್ಜು ಎಷ್ಟು, ತಲುಪಿದಾಗ ಎಷ್ಟು, ಕೆಟ್ಟದ್ದು ಯಾವ ಭಾಗ, ಸರಿಹೋಗಲು ಹಿಡಿದ ದಿನಗಳೆಷ್ಟು ಎಂಬ ಎಂಟು ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳನ್ನು ಅವರ ಮಾತಿನಲ್ಲಿಯೇ ಬರೆದಿಟ್ಟರೆ ಸಾಕು. ಜಾನಪದ ಕ್ಷೇತ್ರಕಾರ್ಯದಲ್ಲಿ ಹಾಡಿದವರ ಊರು, ವಯಸ್ಸು, ಸಂದರ್ಭಗಳನ್ನು ನಮೂದಿಸಲು ಕಲಿತ ವಿದ್ಯಾರ್ಥಿಗೆ ಈ ಕ್ರಮ ಅಪರಿಚಿತವಲ್ಲ. ಒಂದು ಬೇಸಿಗೆಯಲ್ಲಿ ಇಂಥ ಇಪ್ಪತ್ತು ದಾಖಲೆಗಳು ಕೂಡಿದರೂ ಮುಂದಿನ ವರ್ಷ ಕಾರು ಕೊಳ್ಳಬಯಸುವ ಮನೆಯವರಿಗೆ ತಮ್ಮದೇ ದಾರಿಯ ಲೆಕ್ಕ ಸಿಗುತ್ತದೆ. ಬೆಂಗಳೂರಿನವರು ಹೇಳುವುದನ್ನು ಅವರು ಆಗಲೂ ಕೇಳಲಿ. ಅದರ ಪಕ್ಕದಲ್ಲಿ ಆಲೂರಿನವರ ಮಾತನ್ನೂ ಇಟ್ಟು ತೂಗಿ ನೋಡಲಿ.