ಮುಖದ ಬಂಗೂ ಮದುವೆಯ ಮುಹೂರ್ತವೂ

ಈ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಒಂದನ್ನು ಬೇರೆಯಾಗಿ ತೆಗೆದಿಟ್ಟಿದ್ದೇವೆ. ಬರೆದವರು ಮಲೆನಾಡಿನ ಕಡೆಯ ಒಬ್ಬ ಗೃಹಿಣಿಯು. ಅವರ ಮಗಳಿಗೆ 24 ವಯಸ್ಸು. ಇನ್ನು ಮೂರು ತಿಂಗಳಿಗೆ ಲಗ್ನವು ನಿಶ್ಚಯವಾಗಿದೆ. ಕಳೆದ ವರ್ಷ ಹುಡುಗಿಯ ಕೆನ್ನೆಗಳ ಮೇಲೆ ಬಂಗು ಕಾಣಿಸಿಕೊಂಡಿತೆಂದು, ನೆರೆಮನೆಯವರು ಹೇಳಿದ ಒಂದು ಟ್ಯೂಬನ್ನು ಔಷಧದ ಅಂಗಡಿಯಿಂದ ತಂದು ಹಚ್ಚಿದರಂತೆ. ಹದಿನೈದೇ ದಿನಗಳಲ್ಲಿ ಮುಖವು ತಿಳಿಯಾಗಿ ಹೊಳೆಯಿತು. ಎಂಟು ತಿಂಗಳಿನಿಂದ ಅದೇ ಉಪಚಾರವು ನಡೆದುಬಂದಿದೆ. ಈಗ ಎರಡು ದಿನ ಹಚ್ಚದೆ ಬಿಟ್ಟರೆ ಮುಖವೆಲ್ಲ ಕೆಂಪೇರಿ ಉರಿಯುತ್ತದೆ. ಬಿಸಿಲಿಗೆ ಕಾಲಿಟ್ಟರೆ ಮೆಣಸಿನಕಾಯಿ ಅರೆದು ಹಚ್ಚಿದಂತಾಗುತ್ತದೆ. ಹಿಂದೆಂದೂ ಇಲ್ಲದ ಮೊಡವೆಗಳು ಎದ್ದಿವೆ. ಕದಪಿನ ಮೇಲೆ ನವಿರಾದ ಕೂದಲು ಬೆಳೆದಿದೆ. ಇದು ಸಾಲದೆಂಬಂತೆ, ನಾಲ್ಕು ತಿಂಗಳ ಹಿಂದೆ ಡೆಂಗೀ ಜ್ವರವು ಬಂದು ಹೋದಮೇಲೆ, ಈಗೊಂದು ತಿಂಗಳಿನಿಂದ ತಲೆಗೂದಲು ಬಾಚಣಿಗೆಯ ತುಂಬ ಕಿತ್ತು ಬರುತ್ತಿದೆ.

ಪೇಟೆಯ ಸೌಂದರ್ಯ ಚಿಕಿತ್ಸಾಲಯವೊಂದರಲ್ಲಿ ವಿಚಾರಿಸಲಾಗಿ, ಮುಖದ ಮೇಲ್ಪೊರೆಯನ್ನು ಸುಲಿಯುವ ‘ಪೀಲ್’, ಕೂದಲು ತೆಗೆಯುವ ಲೇಸರು, ಬಣ್ಣ ಬರುವ ಇಂಜೆಕ್ಷನ್ನು, ತಲೆಗೆ ರಕ್ತಸಾರದ ಇಂಜೆಕ್ಷನ್ನು—ಇವೆಲ್ಲವನ್ನೂ ಸೇರಿಸಿ ಒಂದು ಮೊತ್ತವನ್ನು ಹೇಳಿ, ಮುಹೂರ್ತದೊಳಗೆ ಮುಗಿಸಿಕೊಡುತ್ತೇವೆಂದರಂತೆ. “ಕತ್ತಿಯಿಲ್ಲ, ಹೊಲಿಗೆಯಿಲ್ಲ, ಭಯವೇನೂ ಇಲ್ಲ ಅನ್ನುತ್ತಾರೆ, ಮಾಡಿಸಬಹುದೆ?” ಎಂಬುದು ಆ ತಾಯಿಯ ಪ್ರಶ್ನೆ.

ನಾವು ವೈದ್ಯರಲ್ಲ, ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಆಯುಸ್ಸನ್ನು ಸವೆಸಿದವರು. ಆದುದರಿಂದ ಉತ್ತರ ಬರೆಯುವುದಕ್ಕೆ ಮುನ್ನ, ಈಗ ಚರ್ಮವೈದ್ಯರಾಗಿರುವ ನಮ್ಮ ಹಳೆಯ ಶಿಷ್ಯರೊಬ್ಬರಿಗೆ ಪತ್ರವನ್ನು ತೋರಿಸಿದೆವು. ಅರ್ಧ ಓದುವುದರೊಳಗಾಗಿ ಅವರು, “ಆ ಟ್ಯೂಬಿನ ಮೇಲೆ ಏನು ಬರೆದಿದೆಯೆಂದು ಮೊದಲು ಕೇಳಿರಿ” ಎಂದರು. ಕೇಳಿ ತರಿಸಿಕೊಂಡೆವು. ಅದರಲ್ಲಿ ಮೂರು ಹೆಸರುಗಳಿದ್ದುವು: ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್. ಮೂರನೆಯದು ಸ್ಟೀರಾಯ್ಡು.

ತಾಯಿ, ನಿಮ್ಮ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಚಿಕಿತ್ಸಾಲಯದವರು ಹೇಳಿದುದರಲ್ಲಿ ಯಾವುದನ್ನೂ ಈಗ ಮಾಡಿಸಕೂಡದು. ನಿಮ್ಮ ಮಗಳ ಮುಖಕ್ಕೆ ಈಗ ಇರುವ ರೋಗವು ಬಂಗಲ್ಲ, ಆ ಟ್ಯೂಬು.

ಸ್ಟೀರಾಯ್ಡೆಂಬುದು ಸ್ವತಃ ಕೆಟ್ಟ ಮದ್ದಲ್ಲ. ಇಸುಬು ಮೊದಲಾದ ಚರ್ಮರೋಗಗಳಲ್ಲಿ ವೈದ್ಯರು ಅಳತೆಯಿಟ್ಟು, ದಿನಗಳನ್ನು ಗೊತ್ತುಮಾಡಿ ಕೊಟ್ಟಾಗ ಅದರಷ್ಟು ಉಪಕಾರಿ ಮತ್ತೊಂದಿಲ್ಲ. ಅದನ್ನು ಹಚ್ಚಿದೊಡನೆ ಚರ್ಮದೊಳಗಿನ ಸೂಕ್ಷ್ಮ ರಕ್ತನಾಳಗಳು ಕುಗ್ಗುತ್ತವೆ, ಉರಿಯೂತವು ಅಡಗುತ್ತದೆ, ಮುಖವು ಬಿಳುಪಾಗಿ ತೋರುತ್ತದೆ. ನೋಡಿದವರು ಕಾಂತಿ ಬಂತೆನ್ನುತ್ತಾರೆ. ಇದೇ ಕ್ರಮವು ತಿಂಗಳುಗಟ್ಟಲೆ ನಡೆದರೆ ಚರ್ಮವು ತೆಳುವಾಗಿ, ನಾಳಗಳು ಕೆಂಪು ಎಳೆಗಳಂತೆ ಮೇಲಕ್ಕೆ ಕಾಣುತ್ತವೆ. ಮೊಡವೆಯೂ ಮುಖದಲ್ಲಿ ರೋಮವೂ ಹುಟ್ಟುತ್ತವೆ. ಬಿಟ್ಟೊಡನೆ ಕುಗ್ಗಿದ್ದ ನಾಳಗಳು ಒಮ್ಮೆಗೇ ಹಿಗ್ಗಿ ಉರಿಯೇಳುತ್ತದೆ. ಉರಿಗೆ ಹೆದರಿ ಮತ್ತೆ ಹಚ್ಚುತ್ತಾರೆ. ಈ ಚಟವು ಮುಖಕ್ಕೆ ಅಂಟಿದ್ದು, ಮನಸ್ಸಿಗಲ್ಲ. ಆದುದರಿಂದ ಹುಡುಗಿಯನ್ನು ಬಯ್ದು ಫಲವಿಲ್ಲ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂಬ ಹೆಸರುಗಳು ನಿಮ್ಮ ಮನೆಯ ಯಾವ ಟ್ಯೂಬಿನ ಮೇಲಿದ್ದರೂ ಅವು ಇದೇ ಕುಲದವು ಎಂದು ವಾಚಕರೆಲ್ಲರೂ ತಿಳಿಯಬೇಕು. ಇಂಥ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರವು 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತು. ಚೀಟಿಯನ್ನು ಕೇಳದ ಅಂಗಡಿಯೂ, ಚೀಟಿಯನ್ನು ತೋರಿಸದ ಗಿರಾಕಿಯೂ ಇರುವ ತನಕ ನಿಯಮವು ಕಾಗದದ ಮೇಲೆ ಚೆನ್ನಾಗಿಯೇ ಇರುತ್ತದೆ.

ಹೆಸರೇ ಇಲ್ಲದ ಡಬ್ಬಿಗಳ ವಿಷಯವು ಇನ್ನೂ ಘೋರವಾದುದು. ಬಿಳುಪಿನ ಕ್ರೀಮುಗಳೆಂದು ಮಾರಾಟವಾಗುವ ಕೆಲವದರಲ್ಲಿ ಪಾದರಸವಿರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ವರೆಗೆ ಒಂದು ಬಗೆಯ ಮೂತ್ರಪಿಂಡದ ರೋಗದಿಂದ ಬಂದ 15 ಮಂದಿಯನ್ನು ಅಲ್ಲಿನ ವೈದ್ಯರು ವಿಚಾರಿಸಲಾಗಿ, 13 ಮಂದಿ ಮುಖ ಬಿಳುಪಾಗಿಸುವ ಕ್ರೀಮನ್ನು ಹಚ್ಚುತ್ತಿದ್ದವರೆಂದು ತಿಳಿದುಬಂದಿತು. ಮುಖಕ್ಕೆ ಹಚ್ಚಿದ್ದು ಮುಖದಲ್ಲಿಯೇ ನಿಲ್ಲುವುದೆಂಬ ಭ್ರಮೆಯನ್ನು ನಮ್ಮ ಸೋದರಿಯರು ಬಿಡಬೇಕು.

ಇಲ್ಲಿ ನಮ್ಮ ಹಳೆಯ ವ್ಯಾಸಂಗದ ಒಂದು ಮಾತನ್ನು ಹೇಳದೆ ಇರಲಾರೆವು. ಸುಶ್ರುತಸಂಹಿತೆಯೆಂದರೆ ಶಸ್ತ್ರಚಿಕಿತ್ಸೆಯ ಗ್ರಂಥವೆಂದೇ ಪ್ರಸಿದ್ಧಿ. ಆದರೆ ಅದರ ಚಿಕಿತ್ಸಾಸ್ಥಾನದಲ್ಲಿ ವ್ರಣಗಳಿಗೆ ಹೇಳಿರುವ 60 ಉಪಕ್ರಮಗಳಲ್ಲಿ ಶಸ್ತ್ರವನ್ನು ಮುಟ್ಟದವು ಬಹಳವಿವೆ. ಕೂದಲನ್ನು ಹುಟ್ಟಿಸುವ ರೋಮಸಂಜನನ, ಕೂದಲನ್ನು ತೆಗೆಯುವ ಲೋಮಾಪಹರಣ, ಇವೆರಡೂ ಅಲ್ಲಿವೆ. ಕೂದಲು ಹುಟ್ಟಿಸುವುದಕ್ಕೆ ಆನೆಯ ದಂತವನ್ನು ಸುಟ್ಟ ಮಸಿಯನ್ನು ಹೇಳಿದೆ. ಆನೆಯ ಮೈಯ ಮೇಲಾದರೂ ಕೂದಲೆಷ್ಟಿದೆಯೆಂದು ನಮ್ಮ ತರಗತಿಯಲ್ಲಿ ಹುಡುಗನೊಬ್ಬನು ಕೇಳಿ ಎಲ್ಲರನ್ನೂ ನಗಿಸಿದ್ದನು. ಅದಿರಲಿ. ಅಲ್ಲಿಯೇ ಪಾಂಡುಕರ್ಮ, ಕೃಷ್ಣಕರ್ಮ ಎಂಬ ಎರಡು ವಿಧಿಗಳಿವೆ. ಗಾಯವು ಮಾಯ್ದು ಆ ಜಾಗವು ಕಪ್ಪಾಗಿ ಉಳಿದರೆ ಅದನ್ನು ಬಿಳುಪಿನ ಕಡೆಗೆ ತರುವುದು ಪಾಂಡುಕರ್ಮ. ಬೆಳ್ಳಗಾಗಿ ಉಳಿದರೆ ಕಪ್ಪಿನ ಕಡೆಗೆ ತರುವುದು ಕೃಷ್ಣಕರ್ಮ. ಬಿಳಿಯದಕ್ಕೆ ಒಂದು ವಿಧಿ, ಕರಿಯದಕ್ಕೆ ಒಂದು ವಿಧಿ. ಎರಡರ ಗುರಿಯೂ ಗಾಯವಾದ ಜಾಗವು ಆ ದೇಹದ ಸಹಜವರ್ಣಕ್ಕೆ ಮರಳಬೇಕೆಂಬುದೇ. ಬಂಗನ್ನು ಆ ಗ್ರಂಥವು ವ್ಯಂಗವೆಂದು ಕರೆದು ಕ್ಷುದ್ರರೋಗಗಳಲ್ಲಿ ಸೇರಿಸಿದೆ. ನಮ್ಮ ಬಂಗು ಅದರ ತದ್ಭವವೆಂದೇ ತೋರುತ್ತದೆ. ಕ್ರೋಧಾಯಾಸಗಳು ಅದಕ್ಕೆ ಕಾರಣವೆಂದು ಸುಶ್ರುತನ ಮತ. ಈಗಿನ ವೈದ್ಯರು ಬಿಸಿಲು, ಬಸಿರು, ಗರ್ಭನಿರೋಧದ ಗುಳಿಗೆ, ವಂಶಗುಣ ಇವನ್ನು ಹೇಳುತ್ತಾರೆ.

ಹಾಗಾದರೆ ಹುಡುಗಿಗೆ ಏನು ಮಾಡಬೇಕು? ಟ್ಯೂಬನ್ನು ಎಸೆಯಬೇಡಿರಿ, ನೀವಾಗಿಯೇ ಒಮ್ಮೆಗೆ ನಿಲ್ಲಿಸಿ ಮನೆಯಲ್ಲಿ ಉರಿಯನ್ನು ಸಹಿಸುತ್ತ ಕೂರಲೂಬೇಡಿರಿ. ಅದನ್ನು ಪೆಟ್ಟಿಗೆಸಮೇತ ಕೈಯಲ್ಲಿ ಹಿಡಿದು, ಎಷ್ಟು ತಿಂಗಳು, ದಿನಕ್ಕೆ ಎಷ್ಟು ಸಲ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡು, ಈ ವಾರದಲ್ಲಿಯೇ ಚರ್ಮವೈದ್ಯರನ್ನು ಕಾಣಿರಿ. ಅವರು ಕ್ರಮಕ್ರಮವಾಗಿ ಬಿಡಿಸುವರೋ, ಒಮ್ಮೆಗೇ ಬಿಡಿಸಿ ಉರಿಗೆ ಬೇರೆ ಮದ್ದು ಕೊಡುವರೋ, ಅದು ಅವರ ವಿವೇಕಕ್ಕೆ ಸೇರಿದುದು. ಮುಖವು ಶಾಂತವಾಗುವುದಕ್ಕೆ ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಅಷ್ಟರವರೆಗೆ ಸೌಮ್ಯವಾದ ಸಾಬೂನು, ಬರಿಯ ಸ್ನಿಗ್ಧಲೇಪ, ಬಿಸಿಲಿಗೆ ಕೊಡೆ, ಮತ್ತು ಎಸ್.ಪಿ.ಎಫ್. 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನು. ಹೊರಗೆ ಇರುವಾಗ ಎರಡು ಗಂಟೆಗೊಮ್ಮೆ ಅದನ್ನು ಮತ್ತೆ ಹಚ್ಚಬೇಕು. ಬಂಗಿನವರಿಗೆ ಐರನ್ ಆಕ್ಸೈಡು ಸೇರಿದ, ಮೈಬಣ್ಣದ ಸನ್‌ಸ್ಕ್ರೀನು ಮೇಲು. ಬಂಗನ್ನು ಕೆರಳಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿಗೂ ಪಾಲುಂಟು, ಅದನ್ನು ಇದು ತಡೆಯುತ್ತದೆ. ಅಜ್ಜಿಯ ಮದ್ದೆಂದು ನಿಂಬೆಹುಳಿಯನ್ನು ಮಾತ್ರ ತಿಕ್ಕಬೇಡಿರಿ. ನಿಂಬೆಯ ರಸವು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು ಇನ್ನಷ್ಟು ಕಪ್ಪುಮಾಡುತ್ತದೆ.

ಪೀಲೆಂಬುದು ಮೋಸದ ವಿದ್ಯೆಯಲ್ಲ. ಅದರಲ್ಲಿ ಬಳಸುವ ಗ್ಲೈಕಾಲಿಕ್ ಆಮ್ಲವು ಕಬ್ಬಿನಲ್ಲಿಯೂ, ಲ್ಯಾಕ್ಟಿಕ್ ಆಮ್ಲವು ನಮ್ಮ ಮನೆಯ ಮೊಸರಿನಲ್ಲಿಯೂ ಇರುವಂಥವೇ. ಆದರೆ ವೈದ್ಯರ ಕೈಯಲ್ಲಿ ಗ್ಲೈಕಾಲಿಕ್ ಆಮ್ಲವು ನೂರಕ್ಕೆ 20ರಿಂದ 70ರ ವರೆಗಿನ ಸಾಂದ್ರತೆಯಲ್ಲಿರುತ್ತದೆ. ಎರಡು ನಿಮಿಷ ಹೆಚ್ಚಾದರೆ ಸುಡುತ್ತದೆ. ನಮ್ಮಂಥ ಕಂದುಮೈಯವರಲ್ಲಿ ಸುಟ್ಟ ಜಾಗವು ಕಪ್ಪುಗಟ್ಟಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಸ್ಟೀರಾಯ್ಡಿನಿಂದ ತೆಳುವಾದ ಮುಖಕ್ಕೆ ಅದನ್ನು ಹಚ್ಚುವುದೆಂದರೆ ಹುಣ್ಣಿನ ಮೇಲೆ ಸುಣ್ಣ. ಲೇಸರಿಗೂ ಇದೇ ಮಾತು. ಅದು ಕೂದಲಿನ ಕಪ್ಪನ್ನು ಹುಡುಕಿಕೊಂಡು ಹೋಗುವ ಬೆಳಕು. ಚರ್ಮದಲ್ಲಿಯೂ ಕಪ್ಪಿದ್ದರೆ ಅಲ್ಲಿಯೂ ಬಿಸಿಯನ್ನು ಬಿಡುತ್ತದೆ. ಆದುದರಿಂದ ಕಂದುಮೈಗೆ 1064 ನ್ಯಾನೋಮೀಟರಿನ ಉದ್ದ ತರಂಗದ ಯಂತ್ರವನ್ನು ವಿಶೇಷವಾಗಿ ಆರಿಸುತ್ತಾರೆ. ನಿಮ್ಮ ಮಗಳ ಕದಪಿನ ರೋಮವು ಮದ್ದಿನಿಂದ ಬಂದುದಾದರೆ ಮದ್ದು ಬಿಟ್ಟ ಮೇಲೆ ತಾನಾಗಿ ಕಡಿಮೆಯಾಗಬಹುದು; ಮುಟ್ಟು ಕ್ರಮ ತಪ್ಪಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ಹೇಳಿರಿ. ಇನ್ನು ಬಣ್ಣದ ಇಂಜೆಕ್ಷನ್ನೆಂದರೆ ಗ್ಲುಟಾಥಯೋನ್. ಯಕೃತ್ತಿನ ರೋಗಗಳಿಗೆಂದು ಬಂದ ಮದ್ದು ಅದು. ಬಿಳುಪಿಗಾಗಿ ರಕ್ತನಾಳಕ್ಕೆ ಏರಿಸಲು ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಅದನ್ನು ಕೊಡುತ್ತೇವೆಂದು ಬಾಯಿಬಿಟ್ಟು ಹೇಳಿದ ಚಿಕಿತ್ಸಾಲಯದಲ್ಲಿ ಉಳಿದ ಮೂರನ್ನೂ ಮಾಡಿಸಬಾರದೆಂಬುದಕ್ಕೆ ನಮಗೆ ಬೇರೆ ಕಾರಣವೇ ಬೇಡ.

ಕೂದಲಿನ ವಿಷಯದಲ್ಲಿ ನಿಮಗೆ ಸಮಾಧಾನದ ಮಾತನ್ನು ಹೇಳಬಹುದು. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿದ್ದು, ದಿನಕ್ಕೆ 50ರಿಂದ 100 ಉದುರುವುದು ಸಹಜವೇ ಆಗಿದೆ. ದೊಡ್ಡ ಜ್ವರವೋ ಹೆರಿಗೆಯೋ ಆದಾಗ, ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಮ್ಮೆಗೇ ಬೆಳೆಯುವುದನ್ನು ನಿಲ್ಲಿಸಿ, ಎರಡು ಮೂರು ತಿಂಗಳು ಬುಡದಲ್ಲಿ ಸುಮ್ಮನಿದ್ದು ಬಳಿಕ ಬೀಳುತ್ತವೆ. ಬಾಣಂತಿಯರಿಗೆ ಮೂರನೆಯ ತಿಂಗಳಲ್ಲಿ ತಲೆ ಬರಿದಾಗುವುದನ್ನು ನಮ್ಮ ಅಜ್ಜಿಯರು ಮಗುವು ಮುಖ ನೋಡಿ ನಗುವುದಕ್ಕೆ ಕಟ್ಟಿಹಾಕಿದ್ದರು. ಕಾರಣವು ತಪ್ಪು, ಲೆಕ್ಕವು ಸರಿ. ನಿಮ್ಮ ಮಗಳ ಜ್ವರದ ದಿನವನ್ನೂ ಕೂದಲುದುರಲು ತೊಡಗಿದ ದಿನವನ್ನೂ ಎಣಿಸಿದರೆ ಈ ಲೆಕ್ಕವೇ ಕೂಡುತ್ತದೆ. ಬುಡವು ಸತ್ತಿಲ್ಲ, ಉದುರುವುದು ಆರು ತಿಂಗಳೊಳಗೆ ಸಾಮಾನ್ಯವಾಗಿ ನಿಲ್ಲುತ್ತದೆ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರು ಮಾತ್ರವಾದುದರಿಂದ ಜಡೆಯು ಮೊದಲಿನಂತಾಗಲು ವರ್ಷ ಮೀರಬಹುದು. ರಕ್ತದಲ್ಲಿ ಕಬ್ಬಿಣದ ಅಂಶವನ್ನೂ ಥೈರಾಯ್ಡನ್ನೂ ಒಮ್ಮೆ ಪರೀಕ್ಷಿಸಿ, ಬೇಳೆಕಾಳು, ಸೊಪ್ಪು, ಮೊಸರು ತಪ್ಪದಂತೆ ನೋಡಿಕೊಂಡರೆ ಸಾಕು. ತಾನಾಗಿ ಮರಳುವ ಕೂದಲಿಗೆ ರಕ್ತಸಾರದ ಇಂಜೆಕ್ಷನ್ನು ಹಾಕಿಸುವುದು ವ್ಯರ್ಥವ್ಯಯ.

ಗಂಡಸರ ನೆತ್ತಿ ಬಯಲಾಗುವುದು ಬೇರೆ ಜಾತಿಯದು, ಅದು ತಾನಾಗಿ ಮರಳದು. ಅದಕ್ಕೆ ಹಚ್ಚುವ ಮಿನಾಕ್ಸಿಡಿಲ್ ಮೊದಲು ರಕ್ತದ ಒತ್ತಡದ ಗುಳಿಗೆಯಾಗಿತ್ತು. ಸೇವಿಸಿದವರ ಮೈಮೇಲೆ ಕೂದಲು ಬೆಳೆದುದನ್ನು ಕಂಡು ಅದನ್ನು ತಲೆಗೆ ಹಚ್ಚುವ ದ್ರವವನ್ನಾಗಿ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಸಮ್ಮತಿಯು ದೊರೆಯಿತು. ಗುಣ ಕಾಣಲು ನಾಲ್ಕು ತಿಂಗಳಾದರೂ ಬೇಕು, ಬಿಟ್ಟರೆ ಗುಣವೂ ಬಿಡುತ್ತದೆ.

ಯಾರನ್ನು ಕೇಳಬೇಕೆಂಬುದೇ ಕಡೆಯ ಪ್ರಶ್ನೆ. ಹಲಗೆಯ ಮೇಲೆ ‘ಕಾಸ್ಮೆಟಾಲಜಿಸ್ಟ್’ ಎಂದಿದ್ದ ಮಾತ್ರಕ್ಕೆ ವೈದ್ಯರಾಗಲಿಲ್ಲ. ಎಂ.ಬಿ.ಬಿ.ಎಸ್. ಆದ ಮೇಲೆ ಚರ್ಮರೋಗದಲ್ಲಿ ಎಂ.ಡಿ.ಯನ್ನೋ ಡಿಪ್ಲೊಮವನ್ನೋ ಪಡೆದಿರಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯಿರಬೇಕು. ಅದನ್ನು ಕೇಳುವುದರಲ್ಲಿ ಅವಿನಯವಿಲ್ಲ. ಹಣದ ಅಡಚಣೆಯಿದ್ದರೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ, ಉದಾಹರಣೆಗೆ ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆಗಳಿಗೆ ಹೋಗಬಹುದು, ಚೀಟಿ ಬರೆಸಿಕೊಂಡು ಸಾಲಿನಲ್ಲಿ ಕಾಯುವ ತಾಳ್ಮೆಯೊಂದಿದ್ದರೆ ಆಯಿತು. ಯಾರಲ್ಲಿಗೆ ಹೋದರೂ ರೋಗದ ಹೆಸರೇನು, ಹಚ್ಚುವ ಮದ್ದಿನ ಹೆಸರೇನು, ಕೆಟ್ಟರೆ ಏನಾಗುತ್ತದೆ, ಕೈಯಿಟ್ಟು ಮಾಡುವವರು ವೈದ್ಯರೋ ಸಹಾಯಕರೋ ಎಂದು ಕೇಳಿರಿ. ಮುಹೂರ್ತಕ್ಕೆ ಒಂದು ತಿಂಗಳಿರುವಾಗ ಮುಖಕ್ಕೆ ಯಾವ ಹೊಸ ಪ್ರಯೋಗವೂ ಬೇಡ. ಕಪ್ಪು ಮದರಂಗಿಯೆಂದು ಕೋನುಗಳಲ್ಲಿ ಮಾರುವುದನ್ನು ಮದುಮಗಳ ಕೈಗೆ ಹಚ್ಚಿಸಬೇಡಿರಿ. ಅದರಲ್ಲಿ ಹಲವು ವೇಳೆ ತಲೆಗೆ ಹಚ್ಚುವ ಕಪ್ಪು ಬಣ್ಣದ ಮೂಲವಸ್ತುವಾದ ಪಿ.ಪಿ.ಡಿ. ಇರುತ್ತದೆ, ಒಗ್ಗದವರಿಗೆ ಬೊಬ್ಬೆಯೇಳುತ್ತದೆ. ನಿಜವಾದ ಮದರಂಗಿಯ ಬಣ್ಣವು ಕೆಂಗಂದು.

ನಿಮ್ಮ ಪತ್ರವನ್ನು ನಾವು ಮೂರು ಸಲ ಓದಿದೆವು. ಬೀಗರು ಬಣ್ಣ ಸ್ವಲ್ಪ ಕಡಮೆ ಎಂದರೆಂದು ಬರೆದಿದ್ದೀರಿ. ನೆರೆಯವರು ಹೇಳಿದ್ದನ್ನು ಬರೆದಿದ್ದೀರಿ. ಚಿಕಿತ್ಸಾಲಯದವರು ಹೇಳಿದ್ದನ್ನು ಮೊತ್ತಸಮೇತ ಬರೆದಿದ್ದೀರಿ. ಮಗಳು ಏನು ಹೇಳುತ್ತಾಳೆಂಬುದು ಎರಡು ಹಾಳೆಗಳಲ್ಲಿ ಎಲ್ಲಿಯೂ ಇಲ್ಲ. ಅವಳನ್ನು ಕೂರಿಸಿಕೊಂಡು ಕೇಳಿರಿ. ಮುಖವು ಕೆಂಪಾಗಿರುವುದನ್ನು ವರನಿಗೆ ಮೊದಲೇ ತಿಳಿಸುವುದು ಬೇಡವೆ ಎಂಬ ನಿಮ್ಮ ಮರುಪ್ರಶ್ನೆಗೂ ಉತ್ತರವನ್ನು ಅವಳೇ ಹೇಳಬೇಕಾದುದು. ಅವಳು ತಾನಾಗಿ ಅವನೊಡನೆ ಮಾತನಾಡಲಿ, ನೀವು ನಡುವೆ ಬರಬೇಡಿರಿ. ವೈದ್ಯರು ಕೊಟ್ಟ ಚೀಟಿಯ ಪ್ರತಿಯನ್ನು ನಮಗೆ ಕಳುಹಿಸುವ ಅಗತ್ಯವಿಲ್ಲ. ಅವಳ ಮುಖದ ಉರಿಯು ಇಳಿಯಿತೆಂದು ಒಂದು ಸಾಲು ಬರೆದರೆ ಸಂತೋಷಪಡುವೆವು.

ಸ್ಥಳವು ತುಂಬಿತಾದುದರಿಂದ, ತಲೆಹೊಟ್ಟಿಗೆ ಬೇವಿನೆಣ್ಣೆಯ ವಿಷಯವಾಗಿ ಕೇಳಿರುವ ಸಿರಸಿಯ ಸೋದರಿಗೆ ಮುಂದಿನ ಸಂಚಿಕೆಯಲ್ಲಿ ಬರೆಯುವೆವು.